ಪಿಸುಮಾತಿನ ಕೋಣೆ

ಹೊದಿಕೆ, ಟವೆಲು ನೇಯುವ ಆ ಗಿರಣಿಯಲ್ಲಿ ಅವಳನ್ನು ಚಿಕ್ಕವರು ದೊಡ್ಡವರೆಲ್ಲ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದೇ. ಮದುವೆಗೆ ಮುಂಚೆ ಮಗ್ಗದ ಶೆಡ್ಡಿಗೆ ಕಾಲಿಟ್ಟವಳು, ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುವಷ್ಟು ದೊಡ್ಡವಳಾದರೂ ಅಲ್ಲೇ ಇದ್ದಳು. ಶೆಡ್ಡಿನ ಸದ್ದು ಎಂಥದ್ದೆಂದರೆ, ಒಳಗೆ ಕಾಲಿಟ್ಟರೆ ಎದೆಯ ಮೂಳೆಯೇ ನಡುಗುತ್ತಿತ್ತು. ಅಲ್ಲಿ ಯಾರೂ ಕಿವಿಯನ್ನು ನಂಬಿ ಮಾತಾಡುತ್ತಿರಲಿಲ್ಲ. ತುಟಿ ನೋಡಬೇಕು, ಕೈಸನ್ನೆ ನೋಡಬೇಕು. ಮೂರು ಮಗ್ಗ ಆಚೆ ನಿಂತವಳ ಗಂಡ ಬೈದ ಸುದ್ದಿಯನ್ನು ದೊಡ್ಡಕ್ಕ ತುಟಿಯಲ್ಲೇ ಓದಿ, ತುಟಿಯಲ್ಲೇ ಸಮಾಧಾನ ಹೇಳಿ ಕಳಿಸುತ್ತಿದ್ದಳು.

ಮೊಣಕಾಲು ನೋಯತೊಡಗಿದಾಗ ಮ್ಯಾನೇಜರು ಅವಳನ್ನು ಮೇಲಿನ ಮಹಡಿಗೆ ಹಾಕಿದರು. ಬಟ್ಟೆ ಪರೀಕ್ಷೆಯ ಕೋಣೆ. ಒಳಗಿನಿಂದ ದೀಪ ಉರಿಯುವ ಗಾಜಿನ ಮೇಜುಗಳ ಮೇಲೆ ಬಟ್ಟೆ ನಿಧಾನವಾಗಿ ಸರಿದುಹೋಗುತ್ತದೆ. ಹೆಂಗಸರು ತಲೆ ಬಗ್ಗಿಸಿ ಕೂತು ಕಡಿದ ಎಳೆ, ಎಣ್ಣೆ ಕಲೆ, ಗಂಟು ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಅವರ ಮೇಲೆ ದೊಡ್ಡಕ್ಕನ ಉಸ್ತುವಾರಿ. ಹುಳುಕು ಹುಡುಕುವುದಕ್ಕೇ ಸಂಬಳ ಕೊಡುವ ಜಾಗ ಅಂತ ಗಂಡನ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಹಳೆಯ ಗೆಳತಿಯೂ ಅಲ್ಲೇ ಇದ್ದಳು. ಶೆಡ್ಡಿನಲ್ಲಿ ಪಕ್ಕದ ಮಗ್ಗದವಳು, ದಪ್ಪ ಗಾಜಿನ ಕನ್ನಡಕದವಳು. ಒಬ್ಬರ ಹೆರಿಗೆಗೆ ಇನ್ನೊಬ್ಬರು ಆಸ್ಪತ್ರೆಯಲ್ಲಿ ಕೂತವರು.

ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ದೊಡ್ಡಕ್ಕನ ಕಣ್ಣಿಗೆ ಒಂದು ಸಂಗತಿ ಬಿತ್ತು. ಈ ಕೋಣೆಯಲ್ಲಿ ಎಲ್ಲರೂ ಪಿಸುಗುಡುತ್ತಾರೆ.

ತಲೆ ಬಗ್ಗಿಸಿ ಕೂತಲ್ಲೇ ಮಾತು. ಏನೋ ಗುಸುಗುಸು, ನಡುವೆ ಒಂದು ನಗು. ಅವಳು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕೆಲಸದ ಹೊತ್ತಿನಲ್ಲಿ ಹರಟೆ ಹೊಡೆಯುವವರು ಮೇಲಿನವರನ್ನು ಕಂಡರೆ ಬಾಯಿ ಮುಚ್ಚುವುದು ಲೋಕರೂಢಿ. ದೊಡ್ಡಕ್ಕನಿಗೆ ಹಾಗೆ ಅನ್ನಿಸಲಿಲ್ಲ. ‘ನನ್ನ ವಿಷಯ ಅಲ್ಲದಿದ್ದರೆ ನನ್ನನ್ನು ಕಂಡು ಯಾಕೆ ನಿಲ್ಲಿಸಬೇಕು?’ ಎಂದು ಅವಳ ಲೆಕ್ಕ.

ಅಲ್ಲಿಂದ ಅವಳು ಸುಮ್ಮನೆ ಕೂರಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಸದ್ದಾಗದಂತೆ ಬಾಗಿಲ ಹಿಂದೆ ನಿಂತಳು. ಕಪಾಟಿನಲ್ಲಿ ಏನೋ ಹುಡುಕುವವಳಂತೆ ಬೆನ್ನು ತಿರುಗಿಸಿ ಕಿವಿ ನಿಮಿರಿಸಿದಳು. ಅವಳು ಕದ್ದು ಕೇಳುತ್ತಾಳೆಂದು ಹೆಂಗಸರಿಗೆ ಗೊತ್ತಾಗಿ, ಅವರು ನಿಜವಾಗಿಯೂ ದನಿ ತಗ್ಗಿಸತೊಡಗಿದರು. ಊಟದ ಹೊತ್ತಿಗೆ ಬೇರೆ ಮೂಲೆ ಹಿಡಿದರು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಅವಳು ನೋಡಿ ನೋಡಿ ಲೋಕಕ್ಕೇ ಹಳದಿ ಬಳಿದಿದ್ದಳು.

ಒಂದು ಮಧ್ಯಾಹ್ನ, ಬೆನ್ನು ತಿರುಗಿಸಿ ನಿಂತಿದ್ದಾಗ, ಕನ್ನಡಕದವಳ ದನಿ ಸ್ಪಷ್ಟವಾಗಿ ಬಂತು: “ಅಕ್ಕಂಗೆ ಹುಚ್ಚು.”

ದೊಡ್ಡಕ್ಕನ ಕೈಯಲ್ಲಿದ್ದ ಕತ್ತರಿ ಕಪಾಟಿನೊಳಗೇ ಉಳಿಯಿತು. ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಇವಳು ಅಂದದ್ದಕ್ಕೆ ಕಪಾಟಿನ ಬಾಗಿಲು ತಳ್ಳಿ ಹೊರಬಿದ್ದಳು. ನೇರ ಮ್ಯಾನೇಜರ ಹತ್ತಿರ ಹೋದಳು. ಆ ಹೆಂಗಸಿನ ಕಣ್ಣು ಮಂಜಾಗಿದೆ, ಗಂಟುಗಳನ್ನು ಬಿಡುತ್ತಿದ್ದಾಳೆ, ಬೇರೆ ಕಡೆ ಹಾಕಿ ಎಂದಳು. ಹೇಳುವಾಗ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಕನ್ನಡಕದವಳು ತನ್ನ ಡಬ್ಬಿ, ಕುಶನ್ನು ಎತ್ತಿಕೊಂಡು ಕೆಳಗೆ ಪ್ಯಾಕಿಂಗಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ದೊಡ್ಡಕ್ಕ ಮುಖ ತಿರುಗಿಸಿದ್ದಳು.

ಮನೆಯಲ್ಲೂ ಗಾಳಿ ಬದಲಾಗಿತ್ತು. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು, ಹುಟ್ಟಿನಿಂದಲೇ ಮೆತ್ತನೆ ದನಿಯವನು. ಈಚೆಗೆ ಅವನೂ ಮಗಳೂ ಅಡುಗೆಮನೆಯಲ್ಲಿ ಗುಟ್ಟು ಮಾತಾಡುತ್ತಾರೆ ಎಂದು ದೊಡ್ಡಕ್ಕನಿಗೆ ಖಾತ್ರಿಯಾಗಿತ್ತು. ಒಂದು ಬೆಳಿಗ್ಗೆ ಅವನು ಮಗಳನ್ನು ಕೇಳಿದ್ದು ಕಿವಿಗೆ ಬಿತ್ತು: “ಅಮ್ಮಂಗೆ ಬುದ್ಧಿ ಇಲ್ವಾ ಇವತ್ತು?”

“ಇಲ್ಲ, ಎಲ್ಲಾ ನಮ್ಮಪ್ಪನ ಮನೇಲಿ ಬಿಟ್ಟು ಬಂದಿದೀನಿ!” ಎಂದು ಅವಳು ಕೂಗಿದಳು.

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಗಂಡನ ಕೈಯಲ್ಲಿ ಖಾಲಿ ಊಟದ ಡಬ್ಬಿ ಇತ್ತು. “ಬುತ್ತಿ ಕಣೇ,” ಎಂದ ಅವನು. “ಅಮ್ಮಂಗೆ ಬುತ್ತಿ ಇಲ್ವಾ ಅಂತ ಕೇಳಿದೆ.”

ಮಾತು ತಿರುಗಿಸುವುದರಲ್ಲಿ ಎಷ್ಟು ಚುರುಕು ಎಂದುಕೊಂಡು ದೊಡ್ಡಕ್ಕ ಬುತ್ತಿ ಇಲ್ಲದೆಯೇ ಹೊರಟಳು.

ಇಡೀ ಗಿರಣಿಯಲ್ಲಿ ಅವಳು ನಂಬುತ್ತಿದ್ದದ್ದು ಈಗ ಒಬ್ಬನನ್ನೇ, ಮಗ್ಗ ರಿಪೇರಿಯ ಮೇಸ್ತ್ರಿಯನ್ನು. ಗುಡುಗಿನಂಥ ಗಂಟಲಿನವನು, ಮೆಟ್ಟಿಲ ಬುಡದಲ್ಲಿ ಮಾತಾಡಿದರೆ ಮೇಲೆ ಗಾಜು ಅದುರುತ್ತಿತ್ತು. ಮನಸ್ಸಲ್ಲಿ ಏನೂ ಇಟ್ಟುಕೊಳ್ಳದವನು, ಒಳಗೊಂದು ಹೊರಗೊಂದು ಇಲ್ಲದವನು ಎಂದು ಅವಳ ತೀರ್ಮಾನ. ಅವನು ಒಂದು ದಿನ ಕೆಟ್ಟ ಬಟ್ಟೆಯ ಉರುಳೆ ನೋಡಲು ಮೇಲೆ ಬಂದಾಗ, ಪಕ್ಕಕ್ಕೆ ಕರೆದು ಎದೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡಳು. ಗೆಳತಿಯ ದ್ರೋಹ, ಗಂಡನ ಗುಟ್ಟು, ಎಲ್ಲ. ಕಣ್ಣೀರು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು.

ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿ, “ಹೌದಕ್ಕಾ, ಎಣ್ಣೆ ಸೋರ್ತಿದೆ, ನಾಳೆ ಸರಿ ಮಾಡ್ತೀನಿ!” ಎಂದ.

ಅವಳು ಕಣ್ಣು ಬಿಟ್ಟಳು. “ನಾನು ಏನು ಹೇಳಿದೆ, ನೀವು ಏನು ಹೇಳ್ತಿದೀರಿ?”

ಅವನು ಅವಳ ಮುಖ ನೋಡಿ, ಎಡವಟ್ಟಾಯಿತೆಂದು ತಿಳಿದು, ಅಂಗಿಯ ಜೇಬಿನಿಂದ ಹುಣಸೆಬೀಜದಷ್ಟು ಪುಟ್ಟ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡ. “ಶೆಡ್ಡಲ್ಲಿ ಇದನ್ನ ಹಾಕ್ಕೊಳ್ಳೋಕಾಗಲ್ಲ, ತಲೆ ಸಿಡಿಯುತ್ತೆ. ಈಗ ಹೇಳಿ, ಮೊದಲಿಂದ.”

ಅವಳು ಮತ್ತೆ ಹೇಳಿದಳು. ಅವನು ಈ ಸಲ ಪೂರ್ತಿ ಕೇಳಿಸಿಕೊಂಡ.

“ಅಕ್ಕಾ, ನಾನು ಜೋರಾಗಿ ಮಾತಾಡೋದು ಯಾಕೆ ಗೊತ್ತಾ? ನನ್ನ ದನಿ ನನಗೇ ಕೇಳಿಸಲ್ಲ. ಒಂದು ವರ್ಷ ಪೂರ್ತಿ ನನ್ನ ಹೆಂಡತಿ, ಭಾವಮೈದ ಸೇರಿ ಮನೆ ಮಾರೋಕೆ ಹೊಂಚು ಹಾಕಿದಾರೆ ಅಂದ್ಕೊಂಡಿದ್ದೆ. ಅವರು ಪಾಪ ನನ್ನ ಕಿವಿ ವಿಷಯವೇ ಮಾತಾಡ್ತಿದ್ರು.” ಮೇಜಿನ ಮೇಲಿದ್ದ ಟವೆಲು ಎತ್ತಿ ಬಾಯಿಗೆ ಅಡ್ಡ ಹಿಡಿದ. “ಈಗ ಮೂರು ಪದ ಹೇಳ್ತೀನಿ, ಮೆಲ್ಲಗೆ. ನೀವೂ ಹೇಳಿ.”

ಟವೆಲಿನ ಹಿಂದಿನಿಂದ ಏನೋ ಬಂತು. “ಮರ,” ಎಂದಳು ದೊಡ್ಡಕ್ಕ. ಮತ್ತೆರಡು ಬರೀ ಗಾಳಿಯಂತೆ ಇದ್ದವು. ಅವನು ಟವೆಲು ಇಳಿಸಿ ತುಟಿಯಾಡಿಸಿದ: ಮರ, ಕತ್ತಿ, ಹೊಸತು. ಈಗ ತುಟಿ ಕಂಡಿತು, ಎಲ್ಲವೂ ಕೇಳಿಸಿದವು. ಅವಳು ಕುರ್ಚಿ ಎಳೆದು ಕೂತಳು.

ಅಷ್ಟಾದರೂ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕಿವಿ ಪರೀಕ್ಷೆಗೆ ಮಗಳು ಕರೆದೊಯ್ದಾಗ, ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಕೆಲವು ಸದ್ದು ಬಂದವು. ಆಮೇಲೆ ಏನೂ ಇಲ್ಲ. ಗಾಜಿನಾಚೆ ಪರೀಕ್ಷೆ ಮಾಡುವವಳು ಬೆರಳು ಆಡಿಸುತ್ತಲೇ ಇದ್ದಳು. ಈ ಹೆಣ್ಣು ಸದ್ದೇ ಹಾಕದೆ ನಾಟಕ ಆಡುತ್ತಿದ್ದಾಳೆ, ಯಂತ್ರ ಮಾರುವವರು ಕಿವಿ ಚೆನ್ನಾಗಿದೆ ಅಂತ ಯಾವತ್ತಾದರೂ ಹೇಳುತ್ತಾರೆಯೇ ಎಂದು ದೊಡ್ಡಕ್ಕನಿಗೆ ಅನ್ನಿಸಿತು. ಹೊರಗೆ ಬಂದು ಅದನ್ನೇ ಬಾಯಿಬಿಟ್ಟು ಹೇಳಿದಳು. ಮಗಳು ನಾಚಿ ನೆಲ ನೋಡಿದಳು.

ಪರೀಕ್ಷೆ ಮಾಡಿದವಳು ಬೇಸರಪಡಲಿಲ್ಲ. ಅದೇ ಸದ್ದನ್ನು ಮಗಳ ಕಿವಿಗೆ ಹಾಕಿದಳು. ಮಗಳು ತಟ್ಟನೆ ಗುಂಡಿ ಒತ್ತಿದಳು.

“ಮಗ್ಗದ ಸದ್ದಿಗೆ ಮೊದಲು ಹೋಗೋದು ತೆಳು ಸದ್ದುಗಳು ಅಮ್ಮಾ,” ಎಂದಳು ಆಕೆ. “ಸ, ತ, ಚ, ಇಂಥವು. ಅ, ಉ, ಒ ಎಲ್ಲಾ ಕೇಳಿಸುತ್ತೆ. ಹಾಗಾಗಿ ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಮಿದುಳಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ. ತಾನೇ ಏನೋ ತುಂಬಿಬಿಡುತ್ತೆ.”

“ಒಳ್ಳೇದನ್ನ ತುಂಬಬಹುದಲ್ಲ?”

“ತುಂಬುತ್ತೆ, ಮನಸ್ಸು ನಿರಾಳವಾಗಿದ್ರೆ. ಹೆದರಿದ್ರೆ ಹೆದರಿಕೇನೇ ತುಂಬುತ್ತೆ. ಕತ್ತಲಲ್ಲಿ ಹಗ್ಗ ಹಾವಾಗಲ್ವಾ, ಹಾಗೆ. ತಾನು ತುಂಬಿದ್ದು ಅಂತ ಅದು ನಿಮಗೆ ಹೇಳೋದೂ ಇಲ್ಲ. ಕಿವಿಗೇ ಬಿತ್ತು ಅಂತಲೇ ಅನ್ನಿಸುತ್ತೆ.”

ದೊಡ್ಡಕ್ಕ ಮಗಳ ಕಡೆ ತಿರುಗಿದಳು. “ಅವತ್ತು ನಿಜವಾಗ್ಲೂ ಬುತ್ತಿನೇನಾ?”

“ಬುತ್ತಿನೇ ಅಮ್ಮಾ.”

ಯಂತ್ರ ಹಾಕಿಕೊಂಡ ಮೊದಲ ದಿನ ಮನೆಯೇ ಗದ್ದಲವಾಯಿತು. ಕಾಗದ ಚರಪರ, ಚಪ್ಪಲಿ ಸರಬರ. ತಾನು ಹಪ್ಪಳ ಕಡಿದ ಸದ್ದಿಗೆ ತಾನೇ ಬೆಚ್ಚಿದಳು. ಬಟ್ಟೆ ಪರೀಕ್ಷೆಯ ಕೋಣೆಯಲ್ಲಿ ಪಿಸುಮಾತೆಲ್ಲ ಬಟ್ಟಬಯಲಾಯಿತು: ಬಸ್ಸು ತಡ, ಮಗುವಿಗೆ ನೆಗಡಿ, ಯಾರದೋ ಅತ್ತೆಯ ಕಾಟ. ನಡುವೆ ಒಂದು ಮಾತು ಅವಳದೂ ಇತ್ತು. “ನೋಡ್ಕೊಂಡು ಮಾತಾಡೇ, ಬೇಹುಗಾರ್ತಿ ಬಂದ್ಲು,” ಎಂದಳೊಬ್ಬಳು. ಅದು ಮಿದುಳು ತುಂಬಿದ್ದಲ್ಲ. ಅವಳೇ ಸಂಪಾದಿಸಿದ ಹೆಸರು.

ಆ ಸಂಜೆ ಅವಳು ಪ್ಯಾಕಿಂಗಿಗೆ ಇಳಿದು ಹೋದಳು. ಕನ್ನಡಕದವಳು ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುತ್ತಿದ್ದಳು. ದೊಡ್ಡಕ್ಕ ಕಿವಿ ತೋರಿಸಿದಳು, ನಡೆದದ್ದನ್ನೆಲ್ಲ ಹೇಳಿದಳು. ಅವತ್ತು ನೀನು ಅಂದದ್ದು ಏನು ಎಂದು ಕೇಳಿದಳು.

ಕನ್ನಡಕದವಳು ನೆನಪು ಮಾಡಿಕೊಂಡಳು. “ಸುಸ್ತು ಅಂದಿದ್ದು. ಅಕ್ಕಂಗೆ ಸುಸ್ತು, ಚಹಾ ತರಿಸ್ರೇ ಅಂದೆ. ಮೊಣಕಾಲು ಹಿಡ್ಕೊಂಡು ನಿಂತಿದ್ಯಲ್ಲ ಅವತ್ತು.”

ಅಂಟುಪಟ್ಟಿ ಚರ್ ಎಂದು ಹರಿಯಿತು.

“ನನ್ನ ಕಿವಿ ಹೋಗಿತ್ತು ಕಣೇ,” ಎಂದಳು ದೊಡ್ಡಕ್ಕ.

“ಕಿವಿ ಹೋಗಿತ್ತು, ಸರಿ. ಬಾಯಿ ಇತ್ತಲ್ಲ? ಏನಂದೆ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು? ನನ್ನ ಕಣ್ಣು ಹೋಗಿದೆ ಅಂತ ಹೇಳಿದ್ಯಲ್ಲ ಮ್ಯಾನೇಜರ ಹತ್ರ, ಅದು ಯಾವ ಕಿವಿಯ ತಪ್ಪು?”

ದೊಡ್ಡಕ್ಕ ಮರುದಿನ ಮ್ಯಾನೇಜರ ಮುಂದೆ ನಿಂತು, ತಾನು ಹೇಳಿದ್ದು ಸುಳ್ಳು, ಅವಳ ಕಣ್ಣು ಸರಿಯಾಗಿದೆ ಎಂದಳು. ಅವರು ಬೈದರು, ಪ್ರತಿ ಪದವೂ ಚೆನ್ನಾಗಿ ಕೇಳಿಸಿತು. ಕನ್ನಡಕದವಳನ್ನು ಮತ್ತೆ ಮೇಲೆ ಕರೆದರೆ, ಅವಳು ಬರಲು ಒಪ್ಪಲಿಲ್ಲ. ಇಲ್ಲಿ ಕಿಟಕಿ ಇದೆ, ಬೆಳಕಿದೆ, ಹಾಯಾಗಿದೀನಿ ಎಂದುಬಿಟ್ಟಳು. ಮಾತು ಬಿಟ್ಟವಳಲ್ಲ, ಮೊದಲಿನಂತೆ ಮನೆಗೆ ಬಂದವಳೂ ಅಲ್ಲ. ಬಸ್ಸು ನಿಲ್ದಾಣದವರೆಗೆ ಇಬ್ಬರೂ ಒಟ್ಟಿಗೆ ನಡೆಯುವ ರೂಢಿ ಮಾತ್ರ ಕೆಲವು ತಿಂಗಳ ಮೇಲೆ ತಾನಾಗಿ ಮರಳಿತು.

ದೊಡ್ಡಕ್ಕನ ಅನುಮಾನ ಪೂರ್ತಿ ಹೋಯಿತೆಂದು ಹೇಳಲಾರೆವು. ಗಂಡ ಮಗಳು ಬಾಗಿಲು ಓರೆ ಮಾಡಿಕೊಂಡು ಮಾತಾಡಿದರೆ ಈಗಲೂ ಅವಳ ಕಿವಿ ನಿಮಿರುತ್ತದೆ. ಆದರೆ ಈಗ ಅವಳು ಬಾಗಿಲ ಹಿಂದೆ ನಿಲ್ಲುವುದಿಲ್ಲ. ನೇರ ಒಳಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು, “ಏನಂದ್ರಿ? ಇನ್ನೊಂದ್ಸಲ ಹೇಳಿ,” ಎನ್ನುತ್ತಾಳೆ. ಗಂಡ ಆ ಮೆತ್ತನೆ ದನಿಯನ್ನು ಒಂದಿಷ್ಟು ಏರಿಸಿ, ಮತ್ತೆ ಮೊದಲಿಂದ ಹೇಳುತ್ತಾನೆ.