ಪಂಚೆಯ ಮೇಲೆ ಚಡ್ಡಿ ಹಾಕಿದ ವೀರ

ನಮ್ಮ ಕಡೆಯ ಒಬ್ಬ ಮುಖಂಡನ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಎಂಬತ್ತರ ದಶಕದ ಕೊನೆ. ನಮ್ಮೂರು ಮಧುವನಹಳ್ಳಿಯಲ್ಲಿ ಅವನ ಸಭೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅವನ ಮುಖ ಬರೆದವನು ನಾನೇ. ಕೊಳ್ಳೇಗಾಲದಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಜನರ ಅಹವಾಲು ಕೇಳುತ್ತೇನೆಂದು ಅವನು ಹೇಳಿದಾಗ, ನಂಬಿ ಎದ್ದು ನಿಂತವಳು ನನ್ನ ಅವ್ವ.

"ಸಾ, ಸಂಜೆ ಬಸ್ಸು ನಮ್ಮೂರಲ್ಲಿ ನಿಲ್ಲುಸ್ದೆ ಅಂಗೇ ಓಯ್ತದೆ. ಆಸ್ಪತ್ರೆಗೆ ಓಗ್ಬೇಕು ಅಂದ್ರೆ..."

ಅವನು ಮೈಕನ್ನು ಅವಳ ಬಾಯಿಗೆ ಹಿಡಿದ. "ಕೇಳಿಸಲಿಲ್ಲಮ್ಮ, ಇನ್ನೊಂದು ಸಲ ಹೇಳು. ಓಗು ಅನ್ನು, ನೋಡೋಣ."

ಅವ್ವ ಪಾಪ, ಅಂದಳು. ವೇದಿಕೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಅದೇ ಮಾತಾಡುವ ನಮ್ಮೂರವರೂ ನಕ್ಕರಲ್ಲ, ಅದು ಇನ್ನೂ ಉರಿ. ಬಸ್ಸು ನಿಲ್ಲಲಿಲ್ಲ. ಅವ್ವ ಮಾತ್ರ ನಾಲ್ಕು ಜನರ ನಡುವೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮದುವೆಮನೆಗಳಲ್ಲಿ ಸೋಬಾನೆ ಎತ್ತುತ್ತಿದ್ದ ಬಾಯಿ ಅದು.

ನಾನು ಹಲ್ಲು ಕಚ್ಚಿಕೊಂಡು ಕಾದೆ.

ಕೊಳ್ಳೇಗಾಲಕ್ಕೆ ಕೇಬಲ್ ಬಂತು. ಮದುವೆ ವಿಡಿಯೋ ತೆಗೆಯುತ್ತಿದ್ದ ನನ್ನ ಗೆಳೆಯ ಊರಿನದೇ ಒಂದು ಚಾನೆಲ್ ಶುರುಮಾಡಿ, ಸಿನಿಮಾಕ್ಕೆ ಮುಂಚೆ ಎರಡು ನಿಮಿಷ ತುಂಬಿಸಲು ಏನಾದರೂ ಕೊಡು ಎಂದ. ಕೊಟ್ಟೆ ನೋಡಿ! ಹಾಳೆ ಹಾಳೆಯಾಗಿ ಚಿತ್ರ ಬರೆದು, ಒಂದೊಂದನ್ನೇ ಕ್ಯಾಮೆರಾದಲ್ಲಿ ಹಿಡಿದು ಓಡಿಸಿದರೆ ಬೊಂಬೆ ಕುಂಟುತ್ತಾ ಹಾರುತ್ತಿತ್ತು. ಬೆನ್ನಿಗೆ ಜರಿ ಶಾಲು, ಪಂಚೆಯ ಮೇಲೆ ಕೆಂಪು ಚಡ್ಡಿ. ಮುಖವಂತೂ ನನ್ನ ಕೈಗೆ ಬಾಯಿಪಾಠವಾಗಿತ್ತು. ಲೋಕ ಕಾಯುವ ಈ ವೀರ ಯಾರು ಕರೆದರೂ ಹಾರಿ ಬರುವನು, ಹಾರ ಹಾಕಿಸಿಕೊಳ್ಳುವನು. ಬಸ್ಸು ಎಂದ ಕೂಡಲೇ ಕಿವುಡನಾಗುವನು. ಆಗ ಗುಡಿಸಲೊಳಗಿಂದ ಮುದುಕಿಯೊಬ್ಬಳ ದನಿ: "ಓಗ್ಲಾ, ಓಗು!" ವೀರ ಗಾಳಿ ಬಿಟ್ಟ ಬಲೂನಿನಂತೆ ಪುರ್ರೆಂದು ಹೋಗಿ ತಿಪ್ಪೆಗೆ ಬೀಳುವನು.

ಆ ದನಿ ಅವ್ವನದು. ಮೊದಲು ಒಲ್ಲೆ ಎಂದಿದ್ದಳು. ಚಿತ್ರ ತೋರಿಸಿದೆ. ಚಡ್ಡಿ ನೋಡಿ ಸೆರಗು ಬಾಯಿಗಿಟ್ಟು ನಕ್ಕವಳು, ಆಮೇಲೆ "ತಕಂಡ್ ಬಾ ನಿನ್ ಮೈಕ" ಎಂದಳು.

ಹನೂರು, ಯಳಂದೂರಿನ ಕೇಬಲಿನವರೂ ಕ್ಯಾಸೆಟ್ ಒಯ್ದರು. ಚುನಾವಣೆ ಬಂದಾಗ ಅವನ ಜೀಪು ಯಾವ ಬೀದಿಗೆ ಹೋದರೂ ಹೆಂಗಸರದು, ಮಕ್ಕಳದು ಒಂದೇ ಕೂಗು. ನನ್ನ ಹೊಟ್ಟೆ ತಣ್ಣಗಾಯಿತೇ? ಇಲ್ಲ. ಅವನು ಅವ್ವನ ಎದುರು ಬಂದು ನಿಲ್ಲಬೇಕಿತ್ತು.

ನಿಂತ. ನಮ್ಮ ಜಗಲಿಯ ಮುಂದೆ, ಊರೆಲ್ಲ ನೆರೆದಿರುವಾಗ, ಕೈಮುಗಿದುಕೊಂಡು. "ಅಮ್ಮಾ, ಆ ಕಾರ್ಟೂನು ನಿಲ್ಲಿಸೋಕೆ ನಿಮ್ಮ ಮಗನಿಗೆ ಹೇಳಿ. ಹೋದಲ್ಲೆಲ್ಲ ಜನ ನನಗೆ ಒಂದೇ ಮಾತು ಅಂತಾರೆ."

"ಏನಂತರೆ ಸಾ?"

"ಅದೇ... ಓಗು ಅಂತ."

"ಕೇಳುಸ್ನಿಲ್ಲ. ಇನ್ನೊಂದ್ ಸಲ ಏಳಿ."

ಆ ಸಭೆ ಅವನಿಗೆ ನೆನಪೇ ಇರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಮುದುಕಿಗೆ ಕಿವಿ ಮಂದವೆಂದು ತಿಳಿದು ಗಟ್ಟಿಯಾಗಿ ಕೂಗಿದ: "ಓಗು!"

ಊರಿಗೆ ಊರೇ ನಕ್ಕಿತು. ಅವ್ವ ನಗಲಿಲ್ಲ. ಅಷ್ಟು ವರ್ಷಗಳ ಮೇಲೆ, ಅಷ್ಟೂ ಜನರಿಗೆ ಕೇಳುವಂತೆ ಅಂದಳು:

"ಊಂ. ಓಗು."