ಮೀಟರಿಗೆ ಕಟ್ಟಿದ ಚೀಲ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಳಬಾಗಿಲಿನ ಹೊರಗಿದ್ದ ಒಂದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ನೂಲು ತೆಗೆಯುವುದೆಲ್ಲ ಉದ್ದನೆಯ ಒಂದೇ ಕೋಣೆಯಲ್ಲಿ. ಎರಡು ಸಾಲು ಬಿಸಿನೀರಿನ ಬೇಸಿನ್ನುಗಳು, ಅವುಗಳ ಮುಂದೆ ಹೆಂಗಸರು. ಫ್ಯಾನ್ ಇರಲಿಲ್ಲ. ಗಾಳಿ ಬಂದರೆ ಹಸಿ ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ ಎಂದು ಕಿಟಕಿಗಳನ್ನೂ ಮುಚ್ಚಿಡುತ್ತಿದ್ದರು. ರಾಟೆಗಳೆಲ್ಲ ಒಂದೇ ಮೋಟಾರಿನಿಂದ ತಿರುಗುತ್ತಿದ್ದವು. ಎಳೆ ತೆಳುವಾದ ಕೂಡಲೇ ಹೊಸ ಗೂಡಿನ ತುದಿ ಕೊಡಬೇಕು, ತಡವಾದರೆ ಕಡಿಯುತ್ತದೆ. ಬೆವರು ಒರೆಸಿಕೊಳ್ಳುವುದಕ್ಕೂ ರಾಟೆಯ ಅಪ್ಪಣೆ ಬೇಕಿತ್ತು.

ಆ ರಾಟೆಯ ವೇಗ ಎಷ್ಟೆಂಬುದು ಮಾತ್ರ ಅವರಿಗೆ ಕಾಣುತ್ತಿರಲಿಲ್ಲ. ಸ್ಪೀಡ್ ಮೀಟರು ಪಕ್ಕದ ಕೋಣೆಯ ಪ್ಯಾನೆಲ್ಲಿನೊಳಗಿತ್ತು. ನೂಲಿನ ಕೋಣೆಯಲ್ಲಿ ದಿನವೆಲ್ಲ ಹಬೆ, ಸಂಜೆ ಪೈಪು ಹಿಡಿದು ಗೋಡೆ, ನೆಲ, ಬೇಸಿನ್ನುಗಳನ್ನೆಲ್ಲ ತೊಳೆಯುವ ನೀರು. ಅಂಥ ಕಡೆ ಪ್ಯಾನೆಲ್ ಇಡುವಂತಿರಲಿಲ್ಲ. ಅದರ ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿರುತ್ತಿತ್ತು.

ತಾಯಲೂರಿನ ಕಡೆಯಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ಎಲ್ಲರೂ ಅಕ್ಕಯ್ಯ ಎನ್ನುತ್ತಿದ್ದರು. ಊಟದ ನಂತರ ಅವರ ಎಳೆಗಳು ಮೇಲಿಂದ ಮೇಲೆ ಕಡಿಯತೊಡಗಿದವು. ಹೀಗೇ ಆದರೆ ಹಿಂದಿನ ಶೆಡ್ಡಿಗೆ ಹಾಕುತ್ತೇನೆ ಎಂದು ಮೇಸ್ತ್ರಿ ಹೇಳಿಬಿಟ್ಟ. ಹಿಂದಿನ ಶೆಡ್ಡು ಎಂದರೆ ನೂಲು ತೆಗೆದ ಮೇಲೆ ಉಳಿದ ಬೆಂದ ಹುಳುಗಳನ್ನು ಆರಿಸುವ ಕೆಲಸ. ಆ ವಾಸನೆ ಸೀರೆ ಬಿಟ್ಟು ಹೋಗುತ್ತಿರಲಿಲ್ಲ. ಅಲ್ಲಿಗೆ ಹೋದವರು ಬೇಸಿನ್ನಿಗೆ ಮರಳಿದ್ದನ್ನು ನಾನು ನೋಡಿರಲಿಲ್ಲ.

“ಊಟ ಆದ್ಮೇಲೆ ಒಳಗೋಗಿ ಸ್ಪೀಡು ಏರಿಸ್ತೀಯ. ನಂಗೊತ್ತಿಲ್ವಾ?” ಎಂದರು ಅಕ್ಕಯ್ಯ.

“ನಾನ್ಯಾಕೆ ಏರಿಸ್ಲಿ ಅಕ್ಕಯ್ಯಾ? ಎಳೆ ಕಡಿದ್ರೆ ಮ್ಯಾನೇಜರು ಬಯ್ಯೋದು ನಂಗೇನೆ.”

“ಹಂಗಿದ್ರೆ ಆ ಮೀಟ್ರು ಮುಳ್ಳು ಹೊರಗಾಕ್ಸು. ಎಲ್ರಿಗೂ ಕಾಣ್ಲಿ.”

ಪಕ್ಕದ ಬೇಸಿನ್ನಿನ ಹುಡುಗಿ ತಲೆ ಎತ್ತದೆಯೇ ಹೇಳಿದಳು: “ಹಾಕ್ಸಣ್ಣಾ. ದಿನಾ ನಿನ್ ಮುಖ ನೋಡೋದು ತಪ್ತದೆ.”

ಸಾಲಿಗೆ ಸಾಲೇ ನಕ್ಕಿತು. ಮೇಸ್ತ್ರಿ ರೋಷದಿಂದಲೇ ಮ್ಯಾನೇಜರನ್ನು ಒಪ್ಪಿಸಿದ.

ಕೆಲಸ ನನ್ನ ಪಾಲಿಗೆ ಬಂತು. ಪ್ಯಾನೆಲ್ಲಿನೊಳಗಿನ ಮೀಟರಿನಿಂದ ಎರಡು ತಂತಿ ಎಳೆದು, ಗಾಜಿನ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ಇನ್ನೊಂದು ಮೀಟರು ಕೂರಿಸಿ ನೂಲಿನ ಕೋಣೆಯ ಗೋಡೆಗೆ ಹೊಡೆದೆ. ಮೊದಲ ಸಂಜೆಯ ತೊಳೆತಕ್ಕೇ ಕೇಬಲ್ ಗುಂಟ ನೀರು ಇಳಿದು ಗಾಜಿನೊಳಗೆ ಮಂಜು ಕಟ್ಟಿತು. ಮುಚ್ಚಳದ ಸುತ್ತ ರಬ್ಬರು ಕೊಟ್ಟು, ಕೇಬಲನ್ನು ಡಬ್ಬಿಗಿಂತ ಕೆಳಕ್ಕೆ ಇಳಿಬಿಟ್ಟು ತಳದಿಂದ ಒಳಗೆ ತಂದೆ. ಆಮೇಲೆ ನೀರು ಜೋತ ತಂತಿಯ ಕೆಳಬಾಗಿನಿಂದ ತೊಟ್ಟಿಕ್ಕಿ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ.

“ಒಳಗೊಂದು ಹೊರಗೊಂದು ತೋರ್ಸಲ್ಲ ತಾನೇ, ನಾಯನಾ?” ಎಂದು ಅಕ್ಕಯ್ಯ ನನ್ನನ್ನು ಕೇಳಿದರು.

ಕೇಳಬೇಕಾದ್ದೇ. ಅವರ ರಾಟೆಗೆ ಕೆಂಪು ದಾರ ಕಟ್ಟಿ, ಮೇಸ್ತ್ರಿಯ ಕೈಗಡಿಯಾರ ಮುಂದಿಟ್ಟುಕೊಂಡು ಸುತ್ತುಗಳ ಎಣಿಕೆ ಅವರಿಂದಲೇ ಮಾಡಿಸಿದೆ. ತೆಲುಗಿನಲ್ಲಿ ಎಣಿಸಿದರು. ಮುಳ್ಳು ಹೇಳಿದ್ದಕ್ಕೂ ಅವರು ಎಣಿಸಿದ್ದಕ್ಕೂ ಸರಿಹೋಯಿತು.

“ಇನ್ನು ಸಿಕ್ಕಾಕ್ಕೊಂಡೆ ಬಿಡು,” ಎಂದು ಮೇಸ್ತ್ರಿಗೆ ಹೇಳಿ ಎದ್ದರು.

ಮರುದಿನ ಊಟದ ಗಂಟೆಯ ನಂತರ ಎಲ್ಲರ ಕಣ್ಣೂ ಗೋಡೆಯ ಮೇಲಿತ್ತು. ರಾಟೆಗಳು ಹೊರಟವು. ಮುಳ್ಳು ಬೆಳಗ್ಗೆ ನಿಂತಿದ್ದಲ್ಲಿಗೇ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಅಕ್ಕಯ್ಯನ ಒಂದು ಎಳೆ ಕಡಿಯಿತು. ಅವರು ಮೀಟರು ನೋಡಿದರು, ಗಂಟು ಹಾಕಿದರು. ಇನ್ನೊಂದು ಕಡಿಯಿತು. ಮತ್ತೆ ನೋಡಿದರು. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. 

ಪಕ್ಕದ ಹುಡುಗಿ ಮೆಲ್ಲಗೆ, “ಗೂಡೇ ಸರಿಯಾಗಿ ಬೆಂದಿಲ್ಲ ಬಿಡಕ್ಕಯ್ಯಾ,” ಎಂದಳು.

“ನಿಂಗೂ ಅದೇ ಗೂಡಲ್ವೇನೇ? ನನ್ ಕಣ್ಣೇ ಕಣೇ,” ಎಂದರು ಅಕ್ಕಯ್ಯ. “ಹೊತ್ತು ವಾಲಿದ್ಮೇಲೆ ಹಬೇಲಿ ಎಳೆ ಕಾಣಾಕಿಲ್ಲ.”

ಆ ವಾರವೇ ಅವರು ಹಿಂದಿನ ಶೆಡ್ಡಿಗೆ ಹೋದರು. ಕಳಿಸುವ ಮೊದಲೇ ತಾವೇ ಹೋಗಿ ಕೂತರು. ಅವರ ಜಾಗಕ್ಕೆ ಆ ಪಕ್ಕದ ಹುಡುಗಿಯನ್ನು ಸರಿಸಿದರು. ಮೀಟರು ನೇರ ಕಣ್ಣೆದುರಿಗಿರುವ ಜಾಗ ಅದು. ಮೊದಲೆಲ್ಲ ಎಳೆ ಕಡಿದಾಗ ಸಾಲಿನಲ್ಲಿ ಯಾರಾದರೂ ಮೇಸ್ತ್ರಿಯನ್ನು ಬಯ್ಯುತ್ತಿದ್ದರು, ಉಳಿದವರು ದನಿಗೂಡಿಸುತ್ತಿದ್ದರು. ಈಗ ಕಡಿದವರು ಒಮ್ಮೆ ಗೋಡೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡು ಗಂಟು ಹಾಕುತ್ತಿದ್ದರು.

ಸಂಜೆ ತೊಳೆಯುವಾಗ ನೀರು ಬೀಳದಿರಲೆಂದು ಹುಡುಗಿ ಗೊಬ್ಬರದ ಮೂಟೆಯೊಳಗಿನ ಪ್ಲಾಸ್ಟಿಕ್ ಚೀಲವನ್ನು ಡಬ್ಬಿಗೆ ಕಟ್ಟಿದಳು. ಡಬ್ಬಿಯೊಳಗೆ ನೀರು ಹೋಗುವುದಿಲ್ಲವೆಂದು ನಾನು ಹೇಳಿದೆ. “ಇರ್ಲಿ ಬಿಡಣ್ಣಾ,” ಎಂದಳು. ಮರುದಿನ ಬೆಳಗ್ಗೆ ಚೀಲವನ್ನು ಯಾರೂ ಬಿಚ್ಚಲಿಲ್ಲ. ಮೇಸ್ತ್ರಿ ಬಂದು ಬಿಚ್ಚಿದ. ಸಂಜೆ ಮತ್ತೆ ಕಟ್ಟಿದ್ದರು. ಕೆಲವು ದಿನ ಹೀಗೇ ನಡೆದು, ಕೊನೆಗೆ ಅವನೂ ಬಿಟ್ಟುಬಿಟ್ಟ.

ನಾನು ಆ ಕೆಲಸ ಬಿಡುವವರೆಗೂ ಚೀಲ ಅಲ್ಲೇ ಇತ್ತು. ಒಳಗೆ ಮುಳ್ಳು ಸರಿಯಾಗಿಯೇ ನಡೆಯುತ್ತಿತ್ತು.