ಶೇಖಮ್ಮನ ಬಾಯಾರಿಕೆ

ಬೋನಾಳದ ಶೇಖಮ್ಮನಿಗೆ ಮೊಮ್ಮಕ್ಕಳ ಹೆಸರು ತಪ್ಪುತ್ತಿತ್ತು. ಯಾವ ಮರಿ ಯಾವ ಕುರಿಯದೆಂಬುದು ಮಾತ್ರ ತಪ್ಪುತ್ತಿರಲಿಲ್ಲ. ಸಂಜೆ ಕುರಿಗಳು ದಡ್ಡಿಗೆ ಬಂದವೆಂದರೆ ಮರಿಗಳನ್ನು ಒಂದೊಂದಾಗಿ ಅದರದರ ತಾಯಿಯ ಕೆಳಗೆ ಬಿಡುವುದು ನಲವತ್ತು ವರ್ಷದಿಂದ ಅವಳದೇ ಕೆಲಸ. ಸೊಸೆ ರೇಣಮ್ಮನನ್ನು ಆ ಕಡೆ ಸುಳಿಯಗೊಟ್ಟವಳಲ್ಲ.

ಕಾಲುವೆಗೆ ನೀರು ಬಂದ ಕೆಲವು ವರ್ಷಕ್ಕೆ ಮುದುಕಿಯ ಎಲುಬೆಲ್ಲ ನೋಯತೊಡಗಿದವು. ಹೊಟ್ಟೆ ಕಟ್ಟಿತು. ಕೊಡಗಟ್ಟಲೆ ನೀರು ಕುಡಿದು ಗಳಿಗೆಗೊಮ್ಮೆ ಹಿತ್ತಲಿಗೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆ ಎಂದು ಓಣಿಯವರು ತೀರ್ಪು ಕೊಟ್ಟರು. ಎರಡು ಸಲ ನೋಡಿಸಿದರೂ ರಕ್ತದಲ್ಲಿ ಸಕ್ಕರೆ ಸಿಗಲಿಲ್ಲ. ಚಹಾದಿಂದ ಮಾತ್ರ ಹೋಯಿತು.

ರೇಣಮ್ಮ ಶ್ರದ್ಧೆಯ ಸೊಸೆ. ಎಲುಬು ಗಟ್ಟಿಯಾಗಲೆಂದು ಔಷಧಿ ಅಂಗಡಿಯ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆರಡು ನುಂಗಿಸಿದಳು. ಅತ್ತೆ ಹಿತ್ತಲಲ್ಲಿ ಬಿದ್ದು ಮುಂಗೈ ಮುರಿದುಕೊಂಡ ಮೇಲೆ ನೀರಿನ ಕೊಡವನ್ನೇ ಎತ್ತಿಟ್ಟಳು. ಕುಡಿದರೆ ತಾನೆ ಹೋಗುವುದು? ಮನೆಯ ಹಿಂದೆ ಕಾಲುವೆ ತುಂಬಿ ಹರಿಯುತ್ತಿತ್ತು.

ವಾರದೊಳಗೆ ಶೇಖಮ್ಮ ಒಂದು ಮರಿಯನ್ನು ಬೇರೆ ಕುರಿಗೆ ಬಿಟ್ಟಳು. ಕುರಿ ಗುದ್ದಿ ಓಡಿಸಿತು. ಮತ್ತೆ ಅದಕ್ಕೇ ಬಿಟ್ಟಳು.

“ಅವ್ವಗ ಅರಳುಮರಳು ಆಗ್ಯಾದ,” ಅಂದ ಮಗ ಭಗವಂತರಾಯ. “ನಾಳಿಂದ ದಡ್ಡಿ ನೀ ನೋಡ್ಕೊ. ಆಕಿ ಮನ್ಯಾಗ ಕೂಡ್ಲಿ.”

ಎಷ್ಟೋ ವರ್ಷ ಆಸೆಪಟ್ಟ ದಡ್ಡಿ ಕೈಗೆ ಬಂದಾಗ ರೇಣಮ್ಮನಿಗೆ ಹೆದರಿಕೆಯಾಯಿತು. ಮರುದಿನವೇ ಅತ್ತೆಯನ್ನು ಆರೋಗ್ಯ ಕೇಂದ್ರದ ನರ್ಸ್ ಪಾರ್ವತಿಬಾಯಿಯ ಮುಂದೆ ಕೂರಿಸಿ, ಮಾಡಿದ್ದನ್ನೆಲ್ಲ ಒಪ್ಪಿಸಿದಳು.

“ನೀರ್ಯಾಕ ಬಂದ್ ಮಾಡಿದಿ?”

“ಬೀಳಬಾರದಂತ್ರಿ.”

“ಮೊದ್ಲ ನೀರು ಕುಡಸು. ಗುಳಿಗಿ ಬಿಡಸು. ಡಾಕ್ಟರಿಗೆ ಹೇಳಿ ರಕ್ತದಾಗ ಕ್ಯಾಲ್ಸಿಯಂ ಎಷ್ಟದ ನೋಡಸ್ತೀನಿ.”

ಯಾದಗಿರಿಯಿಂದ ಬಂದ ಚೀಟಿಯಲ್ಲಿ ಕ್ಯಾಲ್ಸಿಯಂ ಮಿತಿಮೀರಿತ್ತು. ಮುಂದಿನ ಪರೀಕ್ಷೆಯಲ್ಲಿ ಕಾರಣವೂ ಸಿಕ್ಕಿತು: ಕುತ್ತಿಗೆಯೊಳಗೆ ಕಾಳಿನಷ್ಟಿರಬೇಕಾದ ಪ್ಯಾರಾಥೈರಾಯ್ಡ್ ಗ್ರಂಥಿಯೊಂದು ಊದಿಕೊಂಡು, ಎಲುಬಿನ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ಬಿಡುತ್ತಿತ್ತು. ಬಾಯಾರಿಕೆ, ಅರಳುಮರಳು ಎಲ್ಲ ಅದರಿಂದಲೇ; ಮೇಲಿಂದ ಸೊಸೆಯ ಗುಳಿಗೆ, ನೀರಿಲ್ಲದ ವಾರ. ಪಾರ್ವತಿಬಾಯಿ ಇದನ್ನು ಬೈಯದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರೇಣಮ್ಮನಿಗೆ.

ದೊಡ್ಡಾಸ್ಪತ್ರೆಯಲ್ಲಿ ಗ್ರಂಥಿ ತೆಗೆಯುವವರೆಗೂ ಅವಳು ಹೊತ್ತುಹೊತ್ತಿಗೆ ನೀರು ಕುಡಿಸಿದಳು, ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಆಪರೇಷನ್ ಆದ ಮೇಲೆ, ಬರಿದಾದ ಎಲುಬು ಈಗ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆಂದು, ಕೆಲವು ದಿನ ಅದೇ ಗುಳಿಗೆ ಕೊಡಬೇಕೆಂದರು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಕೊಟ್ಟಳು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ರೇಣಮ್ಮ ಮರಿ ಬಿಡುತ್ತಿದ್ದಾಗ ಶೇಖಮ್ಮ ತಾನಾಗಿ ದಡ್ಡಿಗೆ ಬಂದು ನಿಂತಳು.

“ಅದು ಅದರ ಮರಿ ಅಲ್ಲ.”

ರೇಣಮ್ಮ ಮರಿಯನ್ನು ಎತ್ತಿಕೊಂಡಳು. ಅವಳ ಎದೆ ಹಗುರಾಯಿತು.

“ನನಗ ಎಲ್ಲಾ ನೆನಪದ,” ಅಂದಳು ಶೇಖಮ್ಮ. “ನಾ ನೀರು ಬೇಡಿದ್ದೂ ನೆನಪದ.”

ರೇಣಮ್ಮನ ತೋಳಿನಿಂದ ಮರಿ ಜಾರತೊಡಗಿತು.

“ಮರಿ ಬೀಳಸ್ತಿ, ಸಮ ಹಿಡಿ,” ಎಂದು ಅತ್ತೆ ಅವಳ ರಟ್ಟೆ ಹಿಡಿದು, ಮರಿಯ ತಾಯಿ ನಿಂತಲ್ಲಿಗೆ ಕರೆದೊಯ್ದಳು.